ಮಾವನವರ ಮೂರು ಬಣ್ಣದ ಚೀಟಿಗಳು

ನಮ್ಮ ಮಾವನವರ ಕೈಯಲ್ಲಿ ಪಾಸಾಗದ ವಸ್ತು ಈ ಭೂಮಿಯ ಮೇಲಿರಲು ಲಾಯಕ್ಕಿಲ್ಲ ಎಂಬುದು ನಮ್ಮ ಮನೆಯ ಕಾನೂನು. ಮಾವ ಎಂದರೆ ನನ್ನ ಗಂಡನ ತಂದೆ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಕ್ವಾಲಿಟಿ ಇನ್ಸ್‌ಪೆಕ್ಟರ್ ಆಗಿದ್ದವರು. ಬೋಲ್ಟು, ಬುಷ್ಷು, ಗೇರು ಏನೇ ಬರಲಿ, ಅಳೆದು ನೋಡಿ ಸರಿಯಿದ್ದರೆ ಹಸಿರು ಚೀಟಿ, ತಿದ್ದಿದರೆ ಸರಿಹೋಗುವಂತಿದ್ದರೆ ಹಳದಿ ಚೀಟಿ, ಕೆಲಸಕ್ಕೇ ಬಾರದಿದ್ದರೆ ಕೆಂಪು ಚೀಟಿ ಕಟ್ಟುವುದು ಅವರ ಕೆಲಸ. ರಿಟೈರಾದ ದಿನ ಬೇರೆಯವರು ಹಾರ, ಗೋಡೆ ಗಡಿಯಾರ ಹೊತ್ತು ಮನೆಗೆ ಹೋದರೆ, ಇವರು ಮೂರು ಬಣ್ಣದ ಚೀಟಿಗಳ ಕಟ್ಟನ್ನು ಚೀಲದ ತುಂಬ ತುಂಬಿಕೊಂಡು ಚಿಕ್ಕಬಾಣಾವರದ ಮನೆಗೆ ಬಂದರು! ಅಲ್ಲಿಂದ ಶುರುವಾಯಿತು ನೋಡಿ, ನಮ್ಮ ಗ್ರಹಚಾರ.

ನಾನು ಮದುವೆಯಾಗಿ ಬಂದ ಮೂರನೆಯ ದಿನ, ಸಾರಿನ ಪಾತ್ರೆಯ ಹಿಡಿಗೆ ಹಳದಿ ಚೀಟಿ ನೇತಾಡುತ್ತಿತ್ತು. ‘ಕಾರಣ: ಹುಳಿ ಅಳತೆ ಮೀರಿದೆ.’ ಕೆಳಗೆ ಸಹಿ ಬೇರೆ! ನಾನು ಒಲೆಯ ಮುಂದೆಯೇ ಅತ್ತುಬಿಟ್ಟೆ. ಮಾವ ಗಾಬರಿಯಿಂದ ಓಡಿಬಂದರು.

"ಅಯ್ಯೋ, ಅಳ್ಬೇಡ ಕಣಮ್ಮ. ಕೆಂಪಲ್ಲ ಅದು, ಹಳದಿ. ಹಳದಿ ಅಂದ್ರೆ ಸರಿಹೋಗತ್ತೆ ಅಂತ. ನಂಬಿಕೆ ಇರೋದಕ್ಕೆ ಮಾತ್ರ ಹಳದಿ ಕಟ್ಟೋದು."

"ಸುಮ್ನಿರೇ, ನೀನೇ ಪುಣ್ಯವಂತೆ," ಎಂದರು ಅತ್ತೆ ಹಿಂದಿನಿಂದ. "ಹೋದ್ವಾರ ನನ್ನ ಉಪ್ಪಿಟ್ಟಿಗೆ ಕೆಂಪು ಕಟ್ಟಿದ್ರು!"

ಛತ್ರಿಗೆ ಚೀಟಿ, ಇಸ್ತ್ರಿಪೆಟ್ಟಿಗೆಗೆ ಚೀಟಿ, ಕೂಗದ ಕುಕ್ಕರಿಗೆ ಚೀಟಿ. ನಾದಿನಿಯನ್ನು ನೋಡಲು ಬಂದಿದ್ದ ಗಂಡು ಕಾಫಿ ಕುಡಿದು ಹೊರಗೆ ಹೋದರೆ ಅವನ ಬಲಗಾಲಿನ ಚಪ್ಪಲಿಗೆ ಕೆಂಪು ಚೀಟಿ! ‘ಕಾರಣ: ತಾಯಿ ಮಾತಾಡುವಾಗ ಮಧ್ಯೆ ಬಾಯಿ ಹಾಕುತ್ತಾನೆ.’ ಮಾನ ಹೋಯಿತು ಎಂದು ಮನೆಯವರೆಲ್ಲ ತಲೆ ಮೇಲೆ ಕೈಹೊತ್ತು ಕೂತೆವು. ಮಾವ ಮಾತ್ರ ತಣ್ಣಗಿದ್ದರು. ಅವರದು ಒಂದೇ ನಿಯಮ. ಕಾರಣ ಬರೆಯದೆ ಯಾರೂ ಯಾವುದನ್ನೂ ತಿರಸ್ಕರಿಸುವ ಹಾಗಿಲ್ಲ. ಬರೆದರೆ ಸಹಿ ಹಾಕಬೇಕು. ಕೆಂಪು ಚೀಟಿ ಬಿದ್ದ ಸಣ್ಣಪುಟ್ಟ ವಸ್ತುಗಳಿಗೆಲ್ಲ ದೇವರ ಗೂಡಿನ ಪಕ್ಕ ಒಂದು ಬಿಸ್ಕತ್ತಿನ ಡಬ್ಬಿ ಇತ್ತು. ಅದರೊಳಗೆ ಹೋದದ್ದು ತಿರುಗಿ ಬಂದದ್ದನ್ನು ನಾನು ಕಂಡಿಲ್ಲ.

ಕಾರು ನನ್ನದು. ನಾನು ಪೀಣ್ಯದ ಒಂದು ಆಫೀಸಿನಲ್ಲಿ ಡ್ರಾಯಿಂಗ್ ಕೆಲಸಕ್ಕೆ ಹೋಗುವುದು ಅದರಲ್ಲೇ. ಆದರೆ ಭಾನುವಾರ ಬೆಳಿಗ್ಗೆ ಅದು ಮಾವನದು. ಎರಡನೇ ಕೀ ಸದಾ ಅವರ ಜೇಬಿನಲ್ಲಿರುತ್ತಿತ್ತು. ಎಂಟು ಗಂಟೆಗೆ ಇಸ್ತ್ರಿ ಷರಟು ತೊಟ್ಟು ಹೊರಟರೆಂದರೆ ಪೀಣ್ಯದಲ್ಲಿ ಅವರ ಹಳೆಯ ಗೆಳೆಯರೊಬ್ಬರ ಮನೆ ಮುಂದೆಯೇ ಬ್ರೇಕು. ಗೆಳೆಯರು ಅದೇ ಕಾರ್ಖಾನೆಯಲ್ಲಿ ಲೇತ್ ಮಿಷಿನ್ ಓಡಿಸುತ್ತಿದ್ದವರು. ಮಾವನ ಬಾಯಲ್ಲಿ ಅವರ ಹೆಸರೇ ‘ಲೇತು’. ಮಂಡಿ ಹೋಗಿ, ಬಸ್ಸು ಹತ್ತಲಾಗದೆ ಮನೆ ಹಿಡಿದು ಕೂತಿದ್ದರು. ಅವರನ್ನು ಕೈಹಿಡಿದು ಕಾರಿನಲ್ಲಿ ಕೂರಿಸಿಕೊಂಡು, ದರ್ಶಿನಿಯಲ್ಲಿ ದೋಸೆ ತಿನ್ನಿಸಿ, ರಜೆಯ ದಿನ ಬಾಗಿಲು ಹಾಕಿರುವ ಕಾರ್ಖಾನೆಗಳ ಮುಂದೆ ನಿಧಾನಕ್ಕೆ ಒಂದು ಸುತ್ತು ಹಾಕಿಸುತ್ತಿದ್ದರು. ಲೇತು ವಾರದಲ್ಲಿ ಬೀದಿ ನೋಡುತ್ತಿದ್ದದ್ದು ಅದೊಂದೇ ಹೊತ್ತು.

ಮಾವನ ಡ್ರೈವಿಂಗ್ ಬಗ್ಗೆ ನನಗೊಂದು ಅಳುಕಿತ್ತು. ಒಮ್ಮೆ ಗೇಟಿಗೆ ತಾಗಿಸಿದ್ದರು. ಇನ್ನೊಮ್ಮೆ ಹಂಪ್ ಕಂಡಿರಲಿಲ್ಲ. ಒಂದು ದಿನ ಕಾಫಿ ಕೊಡುತ್ತಾ ನಗುನಗುತ್ತಲೇ ಅಂದೆ, "ಮಾವ, ಇನ್ನು ಕಾರು ಓಡಿಸಿದ್ದು ಸಾಕು ಬಿಡಿ."

ಮಾವ ನಗಲಿಲ್ಲ. "ಕಾರಣ?" ಎಂದರು. "ಬರ್ದು ಸೈನ್ ಹಾಕ್ಕೊಡಮ್ಮ. ಒಪ್ಕೊಂಡು ಬಿಟ್ಬಿಡ್ತೀನಿ."

ನಾನು ಎಲ್ಲಿ ಬರೆಯಲಿ! ಮಾತು ಮರೆಸಿ ಒಳಗೆ ಹೋದೆ.

ಆ ಮಳೆಗಾಲದಲ್ಲಿ ಕಾರಿಗೆ ಭೂತ ಹೊಕ್ಕಿತು. ಬಿಸಿಲಿನಲ್ಲಿ ವೈಪರ್ ಆಡುತ್ತದೆ, ಮಳೆಯಲ್ಲಿ ಸುಮ್ಮನಿರುತ್ತದೆ. ಕಾರು ಆಫ್ ಮಾಡಿದರೂ ಹೆಡ್‌ಲೈಟು ಆರುವುದಿಲ್ಲ. ನಾಲ್ಕೂ ಬಾಗಿಲು ತಾವಾಗಿಯೇ ಟಕಟಕ ಲಾಕ್ ಆಗುತ್ತವೆ, ತೆರೆಯುತ್ತವೆ. ವರ್ಕ್‌ಶಾಪಿನವನು ಕಂಪ್ಯೂಟರ್ ಚುಚ್ಚಿ ನೋಡಿ ಹೇಳಿದ, "ಮೇಡಂ, ಬಾಡಿ ಕಂಟ್ರೋಲ್ ಮಾಡ್ಯೂಲ್ ಹೋಗಿದೆ." ಡ್ಯಾಶ್‌ಬೋರ್ಡಿನ ಕೆಳಗೆ ಕೂತಿರುವ ಊಟದ ಡಬ್ಬಿಯಷ್ಟು ಪೆಟ್ಟಿಗೆಯಂತೆ. ದೀಪ, ಹಾರನ್ನು, ವೈಪರು, ಬಾಗಿಲು ಎಲ್ಲವೂ ಅದರ ಅಪ್ಪಣೆಯಲ್ಲೇ. ಕೀ ನಮ್ಮದೋ ಕಳ್ಳನದೋ ಎಂದು ಗುರುತು ಹಿಡಿಯುವುದೂ ಅದೇ.

ಮಾವ ಒಪ್ಪುತ್ತಾರೆಯೇ! "ಹೋಗಿದೆ ಸರಿ. ಯಾಕೆ ಹೋಯ್ತು?" ಎಂದು ಅವನನ್ನೇ ದಬಾಯಿಸಿದರು. ಅವನು, "ಸಾರ್, ಚೇಂಜ್ ಮಾಡಿದ್ರೆ ಸರಿಹೋಗತ್ತೆ," ಎಂದ. ಮಾವ ಮನೆಗೆ ಬಂದವರೇ ನೂರು ಹಾಳೆಯ ನೋಟ್‌ಬುಕ್ ತೆರೆದರು. ಯಾವ ದಿನ, ಎಷ್ಟು ಹೊತ್ತಿಗೆ, ಮಳೆಯೋ ಬಿಸಿಲೋ, ಕಾರು ಎಲ್ಲಿ ನಿಂತಿತ್ತು, ಯಾವ ದೀಪ ಹುಚ್ಚಾಡಿತು ಎಂದು ಬರೆದಿದ್ದೇ ಬರೆದಿದ್ದು. ಮೂರು ವಾರವಾದ ಮೇಲೆ ಒಂದು ಬೆಳಿಗ್ಗೆ ಕಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕೂಗಿಕೊಂಡರು.

"ಸಿಕ್ತು ಕಣಮ್ಮ! ಹೊಂಗೆ ಎಲೆ!"

ಕಾರು ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಉದುರಿದ ಎಲೆ ಮುಂದಿನ ಗಾಜಿನ ಬುಡದಲ್ಲಿ ನೀರು ಹೋಗುವ ದಾರಿಯನ್ನು ಕಟ್ಟಿಹಾಕಿದೆ. ಮಳೆ ನೀರು ವೈರು ಹಿಡಿದು ಇಳಿದು ಆ ಪೆಟ್ಟಿಗೆಯ ನೆತ್ತಿಯ ಮೇಲೆ ತೊಟ್ಟಿಕ್ಕುತ್ತಿದೆ. ವರ್ಕ್‌ಶಾಪಿನ ಕಂಪ್ಯೂಟರಿಗೆ ತಿಳಿಯದ್ದು ನಮ್ಮ ಮಾವನಿಗೆ ತಿಳಿದಿತ್ತು! ಆದರೆ ಅಲ್ಲಿಗೆ ಮುಗಿಯಲಿಲ್ಲ. "ಎಲೆ ತೆಗ್ದಿದೀನಿ. ಹದಿನೈದು ದಿನ ಒಣಗ್ಲಿ, ಬರ್ದು ನೋಡೋಣ. ಆಮೇಲೂ ಸರಿಹೋಗ್ಲಿಲ್ಲ ಅಂದ್ರೆ ಕೆಂಪು ಚೀಟಿ ಕಟ್ಟೋಣ," ಎಂದು ಹಟ ಹಿಡಿದರು.

ಹದಿನೈದು ದಿನ ಯಾರು ಕಾಯುತ್ತಾರೆ! ಮೂರನೆಯ ದಿನವೇ ಜಾಲಹಳ್ಳಿ ಕ್ರಾಸ್ ಸಿಗ್ನಲ್ಲಿನಲ್ಲಿ, ಟ್ರಾಫಿಕ್ ಪೊಲೀಸಿನವನ ಬೆನ್ನ ಹಿಂದೆಯೇ, ನನ್ನ ಹಾರನ್ನು ತಾನೇ ಬಾಯಿಬಿಟ್ಟು ನಿಲ್ಲಿಸಲೇ ಇಲ್ಲ. "ಏನಮ್ಮಾ, ನಿಮ್ಗೊಬ್ರಿಗೇನಾ ಅರ್ಜೆಂಟು?" ಎಂದು ಆತ ತಿರುಗಿ ಬಯ್ದ. ನಾಚಿಕೆಯಿಂದ ಸತ್ತೆ. ಕಾರನ್ನು ನೇರ ವರ್ಕ್‌ಶಾಪಿಗೆ ಬಿಟ್ಟು, ಮಾವನಿಗೆ ಒಂದು ಮಾತೂ ಹೇಳದೆ ಹೊಸ ಪೆಟ್ಟಿಗೆ ಹಾಕಿಸಿಬಿಟ್ಟೆ.

"ಮೇಡಂ, ಎರಡು ಕೀನೂ ತರ್ಬೇಕಿತ್ತು," ಎಂದಿದ್ದ ಅವನು. "ಹೊಸ ಮಾಡ್ಯೂಲಿಗೆ ಕೀ ಪರಿಚಯ ಮಾಡಿಸ್ಬೇಕು. ತರ್ದೇ ಇರೋ ಕೀಯಿಂದ ಗಾಡಿ ಸ್ಟಾರ್ಟ್ ಆಗಲ್ಲ."

"ಇನ್ನೊಂದು ಆಮೇಲೆ ತರ್ತೀನಿ," ಎಂದೆ. ಕೇಳಲು ಹೋದರೆ ಮಾವನಿಗೆ ಗುಟ್ಟು ಗೊತ್ತಾಗುತ್ತದಲ್ಲ! ಎರಡು ದಿನದಲ್ಲಿ ಆಫೀಸಿನ ಗಡಿಬಿಡಿಯಲ್ಲಿ ಆ ಮಾತನ್ನು ಮರೆತೇಬಿಟ್ಟೆ. ದೇವರಾಣೆಗೂ ಮರೆತೆ.

ಆ ಭಾನುವಾರ ಮಾವ ಇಸ್ತ್ರಿ ಷರಟು ತೊಟ್ಟು ಎಂಟಕ್ಕೆ ಹೊರಟವರು ಹತ್ತು ನಿಮಿಷಕ್ಕೆ ಒಳಗೆ ಬಂದರು. ಕುರ್ಚಿಯಲ್ಲಿ ಕೂತು ಚಪ್ಪಲಿ ಬಿಡುತ್ತಾ, "ಇನ್ಮೇಲೆ ನಂಗೆ ಬಸ್ಸೇ ಸಾಕು ಕಣಮ್ಮ. ವಯಸ್ಸಾಯ್ತು," ಎಂದರು.

ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ನನ್ನ ಮಾತು ತಡವಾಗಿಯಾದರೂ ನಾಟಿತು ಎಂದುಕೊಂಡೆ. "ನೋಡಿದ್ರಾ, ಹೇಗೆ ಒಪ್ಪಿಸ್ದೆ!" ಎಂದು ಗಂಡನ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ. ಈಗ ಅದನ್ನು ನೆನೆದರೆ ಕೆನ್ನೆಗೆ ಹೊಡೆದುಕೊಳ್ಳಬೇಕು ಅನಿಸುತ್ತದೆ.

ಎಂಟು ತಿಂಗಳು ಹೀಗೇ ನಡೆಯಿತು. ಮಾವ ಬಸ್ಸಿನಲ್ಲಿ ಹೋಗಿ ಲೇತುವಿನ ಮನೆಯಲ್ಲೇ ಕೂತು ಬರುತ್ತಿದ್ದರು. "ಅವ್ರನ್ನ ಹೊರಗೆ ಕರ್ಕೊಂಡು ಹೋಗಲ್ವಾ?" ಎಂದು ನಾನು ಒಂದು ದಿನವೂ ಕೇಳಲಿಲ್ಲ. ಕೊನೆಯ ಕೆಲವು ವಾರ ಅವರು ಬಸ್ಸಿಗೂ ಹೋಗದೆ ಮನೆಯಲ್ಲೇ ಉಳಿದಾಗಲೂ ಕಾರಣ ಕೇಳಲಿಲ್ಲ. ಒಂದು ಕೆಲಸವನ್ನು ಮಾತ್ರ ಅವರು ಬಿಡಲಿಲ್ಲ. ದಿನಾ ಬೆಳಿಗ್ಗೆ ಕಾರಿನ ಗಾಜಿನ ಬುಡದಿಂದ ಹೊಂಗೆ ಎಲೆಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದರು. ಹೊಸ ಪೆಟ್ಟಿಗೆ ಒಂದು ದಿನವೂ ತಕರಾರು ಮಾಡಲಿಲ್ಲ. ಅದು ಕಂಪನಿ ಮಾಲಿನ ಗುಣ ಎಂದು ನಾನು ತಿಳಿದಿದ್ದೆ.

ಹೋದ ತಿಂಗಳು ನನ್ನ ಕೀ ಬಟ್ಟೆಯ ಜೊತೆ ವಾಷಿಂಗ್ ಮಿಷಿನ್ನಿಗೆ ಬಿದ್ದು ಸತ್ತಿತು. ಮಾವ ತರಕಾರಿಗೆ ಹೋಗಿದ್ದರು. ಎರಡನೇ ಕೀಗಾಗಿ ಮನೆಯೆಲ್ಲ ಹುಡುಕಿ, ಕೊನೆಗೆ ಆ ಬಿಸ್ಕತ್ತಿನ ಡಬ್ಬಿ ತೆರೆದೆ. ಮುರಿದ ಕತ್ತರಿ, ಕೆಟ್ಟ ಟಾರ್ಚಿನ ಮಧ್ಯೆ ಕೀ ಇತ್ತು. ಅದಕ್ಕೊಂದು ಕೆಂಪು ಚೀಟಿ. ಮಾವನದೇ ದುಂಡು ಅಕ್ಷರ.

‘ಕೀ ಸರಿಯಿದೆ. ಓಡಿಸುವವನು ರಿಜೆಕ್ಟ್. ಕಾರಣ: ತಿಳಿಸಿಲ್ಲ.’

ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆ ಭಾನುವಾರ ಅವರು ಕಾರಿನಲ್ಲಿ ಕೂತು ಕೀ ತಿರುಗಿಸಿದ್ದಾರೆ. ಎಂಜಿನ್ ಎದ್ದಿಲ್ಲ. ಸೊಸೆ ಬಾಯಲ್ಲಿ ಹೇಳಲಾರದೆ ಕೀಯನ್ನೇ ರದ್ದು ಮಾಡಿಸಿದ್ದಾಳೆ ಎಂದುಕೊಂಡು, ಜಗಳವಿಲ್ಲದೆ ಎದ್ದು ಒಳಗೆ ಬಂದಿದ್ದಾರೆ. ಚಪ್ಪಲಿಗೂ ಕಾರಣ ಬರೆದು ಕಟ್ಟಿದ ಮನುಷ್ಯನಿಗೆ ನಾನು ಒಂದು ಕಾರಣವನ್ನೂ ಕೊಟ್ಟಿರಲಿಲ್ಲ.

ಅವತ್ತೇ ಆ ಕೀ ಹಿಡಿದು, ಕಾರನ್ನು ಎಳೆಸಿಕೊಂಡು ವರ್ಕ್‌ಶಾಪಿಗೆ ಹೋಗಿ ಪರಿಚಯ ಮಾಡಿಸಿದೆ. ಅರ್ಧ ಗಂಟೆಯ ಕೆಲಸ! ಸಂಜೆ ಮಾವನ ಮುಂದೆ ಕೀ ಇಟ್ಟೆ. ಜೊತೆಗೆ ನಾನೇ ಬರೆದ ಕೆಂಪು ಚೀಟಿ. ‘ಸೊಸೆ ರಿಜೆಕ್ಟ್. ಕಾರಣ: ಎರಡನೇ ಕೀ ಒಯ್ಯಲಿಲ್ಲ. ಮಾವನನ್ನು ಕೇಳಲಿಲ್ಲ.’ ನಡೆದದ್ದನ್ನೆಲ್ಲ ಹೇಳಿದೆ.

ಮಾವ ಕನ್ನಡಕ ಏರಿಸಿ ಚೀಟಿಯನ್ನು ಎರಡು ಸಲ ಓದಿದರು. "ಅಷ್ಟೇನಾ?" ಎಂದರು. "ಅಷ್ಟೇ ಏನಮ್ಮ ಆಗಿದ್ದು?" ಒಳಗೆ ಹೋಗಿ ಒಂದು ಹಳದಿ ಚೀಟಿ ತಂದು, ನನ್ನ ಬರಹವನ್ನು ಹಾಗೇ ಅದರ ಮೇಲೆ ಇಳಿಸಿ, ಸಹಿ ಹಾಕಿ ನನ್ನ ಕೈಗೆ ಕೊಟ್ಟರು. ನಾನು ಮದುವೆಯಾಗಿ ಬಂದ ಮೂರನೆಯ ದಿನ ಅತ್ತ ಹಾಗೆಯೇ ಅತ್ತೆ.

ಮಾರನೆಯ ದಿನ ಭಾನುವಾರ. ಎಂಟಕ್ಕೆ ನಾನೇ ಅವರನ್ನು ಹೊರಡಿಸಿಕೊಂಡು ಕಾರಿನ ಹತ್ತಿರ ಹೋದೆ. ಅವರು ಕೀ ಒತ್ತಿದರು. ಟಕ್ ಎಂದು ನಾಲ್ಕೂ ಬಾಗಿಲು ತೆರೆದವು. ಮಗುವಿನ ಹಾಗೆ ನಕ್ಕರು.

"ನಡೀರಿ ಮಾವ, ಲೇತು ಅವ್ರನ್ನ ಕರ್ಕೊಂಡು ದೋಸೆ ತಿನ್ನೋಣ."

"ಅವ್ನೆಲ್ಲಿದಾನಮ್ಮ," ಎಂದರು ಮಾವ. "ಯುಗಾದಿ ಆದ್ಮೇಲೆ ಮಗಳು ಬಂದು ದಾವಣಗೆರೆಗೆ ಕರ್ಕೊಂಡು ಹೋದ್ಳು. ಹೋಗೋ ಮುಂಚೆ ಒಂದ್ಸಲ ಕಾರ್ಖಾನೆ ಮುಂದೆ ಸುತ್ತು ಹಾಕ್ಸೋ ಅಂದ. ಕಾರು ರಿಪೇರೀಲಿದೆ ಅಂದ್ಬಿಟ್ಟೆ."

ಗಾಜಿನ ಬುಡದಲ್ಲಿ ಬಿದ್ದಿದ್ದ ಎರಡು ಹೊಂಗೆ ಎಲೆಗಳನ್ನು ಹೆಕ್ಕಿ ತೆಗೆದು, ಮಾವ ಮತ್ತೆ ಕೀ ಒತ್ತಿ ಬಾಗಿಲು ಲಾಕ್ ಮಾಡಿದರು.