ಅಡ್ಡಿಲ್ಲ ಎಂಬ ಜನಾಭಿಪ್ರಾಯ

ಟಿ.ವಿ.ಯವರು ಮತ ಎಣಿಸುವ ಮೊದಲೇ ಜನರ ಮನಸ್ಸಿನಲ್ಲಿ ಏನಿದೆಯೆಂದು ಹೇಳಿಬಿಡುತ್ತಾರೆ. ಅವರು ನಮ್ಮ ಕೋಲಸಿರ್ಸಿ ಕಡೆ ಬಂದು ಯಾರನ್ನೂ ಕೇಳಿರಲಿಕ್ಕಿಲ್ಲ. ಇಲ್ಲಿ ಏನು ಕೇಳಿದರೂ ಉತ್ತರ ಒಂದೇ: "ಅಡ್ಡಿಲ್ಲ." ಊಟ ಹೇಗಿತ್ತು? ಅಡ್ಡಿಲ್ಲ. ಸೊಂಟನೋವು? ಅಡ್ಡಿಲ್ಲ. ಹೊಸ ಅಳಿಯ? ಅಡ್ಡಿಲ್ಲ. ಬಹಳ ಚೆನ್ನಾಗಿದೆ ಎಂಬುದರಿಂದ ಹಿಡಿದು ಹೇಗೋ ಸಹಿಸಿಕೊಂಡಿದ್ದೇನೆ ಎಂಬುದರವರೆಗೆ ಎಲ್ಲವೂ ಈ ಒಂದು ಮಾತಿನೊಳಗೆ ಅಡಗಿರುತ್ತದೆ. ಈ ಮಾತನ್ನೇ ಹಿಡಿದುಕೊಂಡು ನಾನು ಒಡಹುಟ್ಟಿದ ತಂಗಿಗೆ ಅಡ್ಡಗಾಲು ಹಾಕಿದೆ.

ದನ ನುಗ್ಗಿದ್ದು, ಬದು ಒಡೆದದ್ದು, ಇಂಥ ತಕರಾರುಗಳನ್ನು ನಮ್ಮ ಕೇರಿಯಲ್ಲಿ ಪಂಚರೊಬ್ಬರು ಕೂತು ತೀರ್ಮಾನಿಸುತ್ತಾರೆ. ಹಳೆಯ ಪಂಚ ಬೀರಜ್ಜನಿಗೆ ಕಿವಿ ಕೇಳದಾಯಿತು. ಎರಡೂ ಕಡೆಯವರ ಮಾತು ಕೇಳಿಸದ್ದರಿಂದ ಪಕ್ಷಪಾತವೇ ಇಲ್ಲ, ಅವನೇ ಇರಲಿ ಎಂದವರೂ ಇದ್ದರು. ಅವನು ಒಪ್ಪಲಿಲ್ಲ. ಆಗ, ಇದೇ ಕೇರಿಗೆ ಕೊಟ್ಟ ನನ್ನ ತಂಗಿ ಗಿರಿಜೆಯ ಹೆಸರು ಬಂತು. ಓದಿದವಳು, ಮುಖ ನೋಡಿ ನ್ಯಾಯ ಹೇಳುವವಳಲ್ಲ. ಅವಳಿಗೂ ಆಸೆಯಿತ್ತು, ಬಾಯಿಬಿಟ್ಟು ಹೇಳದಿದ್ದರೂ ಅಣ್ಣನಿಗೆ ಗೊತ್ತಾಗುತ್ತದೆ. ಮನೆಮನೆಗೆ ಹೋಗಿ ಅಭಿಪ್ರಾಯ ಕೇಳಿ ಬರುವ ಕೆಲಸವನ್ನು ಹಿರಿಯರು ನನಗೇ ವಹಿಸಿದರು. ಖುಷಿಯಿಂದ ಮಾಡುತ್ತಾನೆ ಎಂದುಕೊಂಡರು ಪಾಪ.

ಚೌಡಣ್ಣನ ಭತ್ತದ ಸಸಿಮಡಿ ಮೇದ ಎಮ್ಮೆ ಯಾರದೆಂಬ ತಕರಾರು ಇನ್ನೂ ಬಾಕಿಯಿತ್ತು. ನನ್ನದಲ್ಲವೆಂದು ನಾನು ಸಾಧಿಸುತ್ತಿದ್ದೆ. ಆದರೆ ನನ್ನ ಎಮ್ಮೆ ಬಾಯಾಡಿಸುತ್ತ ಆ ಗದ್ದೆಯಿಂದ ಹೊರಬಂದದ್ದನ್ನು ಗಿರಿಜೆ ಕಂಡಿದ್ದಳು. ಅವಳು ನೋಡಿದ್ದು ನನಗೆ ಗೊತ್ತಿತ್ತು; ಅವಳು ಪಂಚರ ಜಾಗದಲ್ಲಿ ಕೂತರೆ ಮೊದಲ ತೀರ್ಪು ನನ್ನ ಮೇಲೇ.

ಕೇಳಿದವರೆಲ್ಲ ಅಡ್ಡಿಲ್ಲ ಎಂದರು. ಕೇರಿಯ ಸಭೆಯಲ್ಲಿ ಅಷ್ಟನ್ನು ಹೇಳಿ ಕೂತಿದ್ದರೆ ಅವಳಿಗೆ ಅಂದೇ ಪಂಚರ ಸ್ಥಾನ ಸಿಗುತ್ತಿತ್ತು. ಆದರೆ ನಮ್ಮ ಸಭೆಯಲ್ಲಿ ಎದ್ದು ನಿಂತವನು ತಾನಾಗಿ ಕೂರುವವರೆಗೆ ಬೇರೆಯವರು ಬಾಯಿ ಹಾಕುವಂತಿಲ್ಲ. ನಾನು ಕೂರಲಿಲ್ಲ. ಏಳನೇ ತರಗತಿಗೆ ಶಾಲೆ ಬಿಟ್ಟವನು ಪಂಡಿತರ ಹಾಗೆ ಪದದ ಅರ್ಥ ಬಿಡಿಸತೊಡಗಿದೆ. ಊಟದ ಪಂಕ್ತಿಯ ತುದಿಯಲ್ಲಿ ಕೂತವನ ಅಡ್ಡಿಲ್ಲ ಬೇರೆ, ಬಡಿಸುವವನ ಅಡ್ಡಿಲ್ಲ ಬೇರೆ ಎಂದೆ. ಸಿದ್ದಾಪುರದ ಬಸ್ಸಿನಲ್ಲಿ ಕಾಲು ತುಳಿಸಿಕೊಂಡವನ ಅಡ್ಡಿಲ್ಲವನ್ನೂ ಎಳೆದು ತಂದೆ. ಹಾಗಾಗಿ ಜನ ಒಪ್ಪಿದ್ದಾರೋ ಸಹಿಸಿದ್ದಾರೋ ಹೇಳಲಾಗದು ಎಂದು ಮತ್ತೆ ಮೊದಲಿಂದ ಶುರುಮಾಡಿದೆ. ಬೀರಜ್ಜ ಒಬ್ಬನೇ ತಲೆದೂಗುತ್ತಿದ್ದ. ಕೊನೆಗೆ ಚೌಡಣ್ಣನ ಹೆಂಡತಿಯೇ ಸೆರಗು ಕೊಡವಿ ಎದ್ದಳು.

"ಎಮ್ಮೆ ಕರಿಯೋ ಹೊತ್ತಾತು ಮಾರಾಯ. ನಿನ್ನೆಮ್ಮೆಗೆ ಹೊಟ್ಟೆ ತುಂಬಿರತ್ತೆ, ನಮ್ಮದಕ್ಕೆ ಹುಲ್ಲು ಹಾಕಬೇಕು."

ಎಲ್ಲರೂ ನಕ್ಕು ಎದ್ದರು. ಪಂಚರ ವಿಷಯ ಮುಂದೆ ನೋಡೋಣವೆಂದಾಯಿತು. ಗಿರಿಜೆ ನಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಅವಳು ತನ್ನ ಮನೆಯ ಸಸಿಯ ಕಟ್ಟು ತಂದು ಚೌಡಣ್ಣನ ಗದ್ದೆಯಲ್ಲಿ ಬಗ್ಗಿ ನೆಡುತ್ತಿದ್ದಳು. ಪಂಚರ ಸ್ಥಾನ ಸಿಗದಿದ್ದರೂ ಅವಳು ತೀರ್ಮಾನ ಕೊಟ್ಟಾಗಿತ್ತು. ನಾನು ಪಂಚೆ ಮೇಲೆ ಕಟ್ಟಿ ಪಕ್ಕದಲ್ಲಿ ಇಳಿದೆ. ಚೌಡಣ್ಣ ಬದುವಿನ ಮೇಲೆ ನಿಂತು, ಸಸಿ ಮೇದ ಎಮ್ಮೆ ಯಾರದೆಂದು ಕೇಳಿದ. ಎಮ್ಮೆ ನಂದೇ ಎಂದೆ. ಅವನು ಹೋದ ಮೇಲೆ ಮೆಲ್ಲಗೆ ವಿಚಾರಿಸಿದೆ.

"ಸಿಟ್ಟು ಬಂತನೇ ತಂಗಿ?"

ಅವಳು ತಲೆ ಎತ್ತಲಿಲ್ಲ.

"ಅಡ್ಡಿಲ್ಲ ಅಣ್ಣ."

ಇಡೀ ಕೇರಿಗೆ ಆ ಪದದ ಅರ್ಥ ಬಿಡಿಸಿ ಹೇಳಿದವನಿಗೆ, ಇದು ಯಾವ ಅಡ್ಡಿಲ್ಲವೆಂದು ಇವತ್ತಿಗೂ ತಿಳಿದಿಲ್ಲ.