ಟಿವಿ ಕೋರ್ಟನ್ನು ಅಣಕಿಸಲು ಹೋಗಿ

ಕೊಪ್ಪದಲ್ಲಿ ವಕೀಲಿಕೆ ಮಾಡುತ್ತಾ, ನಮ್ಮ ಕಡೆಯ ಪುಟ್ಟ ಹಾಸ್ಯ ಮಾಸಿಕವೊಂದಕ್ಕೆ ಹಳೇ ಟಿವಿ ಕೋರ್ಟ್ ಧಾರಾವಾಹಿಗಳ ಅಣಕು ಬರೆಯುತ್ತೇನೆ. ನಗಲಿ ಎಂದು ಬರೆದದ್ದನ್ನು ನಿಜವೆಂದುಕೊಂಡು ಒಬ್ಬರಲ್ಲ ಒಬ್ಬರು ನನ್ನ ಆಫೀಸಿನ ಮೆಟ್ಟಿಲು ಹತ್ತುತ್ತಲೇ ಇರುತ್ತಾರೆ.

ಮೆಲ್ಲಗೆ ಗುದ್ದಿ

ಕೆರೆಕಟ್ಟೆಯ ಕಕ್ಷಿದಾರರೊಬ್ಬರದು ಬೇಲಿ ವ್ಯಾಜ್ಯ. ನನ್ನ ವಾದ ಮುಗಿದದ್ದೇ ಮುಖ ಸಣ್ಣ ಮಾಡಿಕೊಂಡು ಹೊರಗೆ ಬಂದರು.

"ಎಂತದು ಮಾರಾಯ್ರೆ, ನೀವು ಬರೆಯೋ ಟಿವಿ ವಕೀಲರ ಹಾಗೆ ಒಂದ್ಸಲಾನೂ ಟೇಬಲ್ ಗುದ್ದಲಿಲ್ಲ?"

"ಗುದ್ದಿದ್ರೆ ಜಡ್ಜ್ ಸಾಹೇಬ್ರು ನನ್ನನ್ನೇ ಹೊರಗೆ ಹಾಕ್ತಾರೆ."

ಅವರು ತುಸು ಯೋಚಿಸಿದರು. "ಹಾಗಾದ್ರೆ ಮುಂದಿನ ಸಲ ಮೆಲ್ಲಗೆ ಗುದ್ದಿ. ನನಗೊಬ್ಬನಿಗೆ ಕೇಳಿದ್ರೆ ಸಾಕು."

ಆ ಜಡ್ಜ್ ಎಲ್ಲಿ ಕೂರ್ತಾರೆ?

ಒಂದು ಅಣಕಿನಲ್ಲಿ, ಹಲಸಿನಹಣ್ಣಿನ ಕಳ್ಳತನದ ವಿಚಾರಣೆ ನಡೆಯುತ್ತಿರುವಾಗ ಹಿಂದಿನ ಬೆಂಚಿನವನೊಬ್ಬ ಎದ್ದು "ಕದ್ದವನು ನಾನೇ!" ಎಂದು ಅತ್ತುಬಿಡುತ್ತಾನೆ. ಒಂದೇ ಪುಟದಲ್ಲಿ ತೀರ್ಪು. ಶೃಂಗೇರಿಯ ಪಾತ್ರೆ ಅಂಗಡಿಯವರೊಬ್ಬರು ಆ ಪುಟ ಹಿಡಿದೇ ಬಂದರು. ಅವರ ಮಳಿಗೆಯ ಕೇಸು ವಾಯಿದೆ ಮೇಲೆ ವಾಯಿದೆ ಬೀಳುತ್ತಾ, ತಂದೆಯ ಕಾಲದಿಂದ ಅವರ ಕಾಲಕ್ಕೆ ಬಂದಿತ್ತು.

"ಈ ಜಡ್ಜ್ ಯಾವ ಕೋರ್ಟಲ್ಲಿ ಕೂರ್ತಾರೆ?"

"ಅಯ್ಯೋ, ಅದು ತಮಾಷೆಗೆ ಬರೆದದ್ದು."

"ತಮಾಷೆಯವರಾದ್ರೂ ಅಡ್ಡಿಯಿಲ್ಲ, ತೀರ್ಪು ಕೊಡ್ತಾರಲ್ಲ! ನನ್ನ ಕೇಸನ್ನೂ ಅಲ್ಲಿಗೇ ಹಾಕಿ."

ತಿದ್ದುಪಡಿ

ಇನ್ನೊಂದು ಅಣಕಿನ ಜಡ್ಜ್ ವಾದದ ನಡುವೆ ಗೊರಕೆ ಹೊಡೆದು, ಎಚ್ಚರಾದಾಗಲೆಲ್ಲ "ಆರ್ಡರ್, ಆರ್ಡರ್" ಎನ್ನುತ್ತಿದ್ದರು. ಅದು ಅಚ್ಚಾದ ವಾರವೇ ನರಸಿಂಹರಾಜಪುರದಿಂದ ಫೋನು: "ಮನೆಗೆ ಬನ್ನಿ." ಫೋನು ಮಾಡಿದವರು ದೂರದ ಊರುಗಳಲ್ಲಿ ಜಡ್ಜ್ ಆಗಿದ್ದು, ನಿವೃತ್ತರಾದ ಮೇಲೆ ಅಲ್ಲಿ ನೆಲೆಸಿದವರು. ನಾನು ಹೊಸದಾಗಿ ಕರಿಕೋಟು ಹಾಕಿದ್ದು ಅಂಥದೊಂದು ಊರಿನಲ್ಲಿ, ಅವರ ಕೋರ್ಟಿನಲ್ಲೇ; ಅವರ ಒಂದು ನೋಟಕ್ಕೇ ನನ್ನ ನಾಲಿಗೆ ಒಣಗುತ್ತಿತ್ತು. ಮರುದಿನವೇ ಹೋದೆ. ಟೀಪಾಯಿ ಮೇಲೆ ಪತ್ರಿಕೆ ತೆರೆದೇ ಇತ್ತು.

"ಸಾರ್, ಅದು ಟಿವಿ ಜಡ್ಜು..." ತೊದಲಿದೆ.

"ನನಗೆ ಗೊತ್ತು. ಒಳಗಿರೋರಿಗೆ ಹೇಳಿ!"

ಅವರ ಹೆಂಡತಿ ಕಾಫಿ ತಂದಿಟ್ಟರು. "ಇಷ್ಟು ವರ್ಷ ಕೋರ್ಟಿಂದ ಬಂದು 'ಕೆಲಸ ಮಾಡಿ ಸುಸ್ತಾಯ್ತು' ಅಂತಿದ್ರು. ಇವರು ಅಲ್ಲಿ ಎಂತ ಮಾಡ್ತಿದ್ರು ಅಂತ ಈಗ ಗೊತ್ತಾಯ್ತು ನೋಡಿ."

ಸಾಹೇಬರು ಗೇಟಿನವರೆಗೂ ಬಂದು ಪಿಸುಗುಟ್ಟಿದರು: "ದಯವಿಟ್ಟು ಒಂದು ತಿದ್ದುಪಡಿ ಹಾಕಿ."

ಮುಂದಿನ ಸಂಚಿಕೆಯಲ್ಲಿ ಹಾಕಿಸಿದೆ: "ನಿಜವಾದ ನ್ಯಾಯಾಧೀಶರು ಪೀಠದಲ್ಲಿ ನಿದ್ರಿಸುವುದಿಲ್ಲ."

ಸಂಚಿಕೆ ಸಾಹೇಬರ ಮನೆ ತಲುಪಿದ ದಿನ ಅಮ್ಮನವರದೇ ಫೋನು.

"ತಿದ್ದುಪಡಿ ಓದಿದೆ. ಇವರಿಗೂ ಜೋರಾಗಿ ಓದಿ ಹೇಳಿದೆ."

"ಸಾಹೇಬ್ರು ಎಂತ ಅಂದ್ರು ಅಮ್ಮ?"

"ಎಂತ ಅನ್ನೋದು? ಅರ್ಧ ಓದೋದ್ರೊಳಗೆ ಕುರ್ಚಿಲೇ ನಿದ್ದೆ ಹೋದ್ರು!"