ಹೋಮ್‌ವರ್ಕಿನೊಳಗೆ ನಾನು

ಮೊದಲ ಮಾತಿಗೇ ಹೂಂ ಎಂದವನು ಮನೆಗೆ ಬಂದು ತಲೆ ಕೆರೆದುಕೊಳ್ಳುತ್ತಾನೆ. ಇದು ನಾನು ಎಲ್ಲರಿಗೂ, ಕೇಳದವರಿಗೂ, ಕೊಡುವ ಸಲಹೆ. ಸೈಕಲ್ಲಿಗೆ ಗಡಿಗೆ ಕಟ್ಟಿಕೊಂಡು ಮಿಲಿಟರಿ ಕ್ಯಾಂಪಿನ ಬಂಗಲೆಗಳ ಮುಂದೆ ಕೂಗುತ್ತಿದ್ದವನು ಇಂದು ಅನಗೋಳದಲ್ಲಿ ಸ್ವಂತ ಅಂಗಡಿ ಇಟ್ಟಿದ್ದರೆ ಅದಕ್ಕೆ ಈ ಸೂತ್ರವೇ ಕಾರಣ. ತೊಂದರೆಯೆಂದರೆ, ಅಂಗಡಿ ಮುಚ್ಚಿದ ಮೇಲೂ ಸೂತ್ರ ನನ್ನ ಹಿಂದೆಯೇ ಮನೆಗೆ ಬರುತ್ತದೆ. ಹೆಂಡತಿ ಶಾಂತಾ ತಲೆನೋವೆಂದರೆ ಅರ್ಧ ಗುಳಿಗೆ ಸಾಕೆನ್ನುತ್ತೇನೆ. ಬೀಡಿ ಊರಿನ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದರೆ ಎರಡಕ್ಕೆ ಇಳಿಸುತ್ತೇನೆ.

ಐವತ್ತು ದಾಟಿದ ಶಾಂತಾ ಈಗ ಕ್ಯಾಂಪಿನಲ್ಲಿ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಾಳೆ. ಇನ್ನೂ ಮೂರು ತಿಂಗಳು ಹೋಗುತ್ತೇನೆಂದು ಒಂದು ದಿನ ಕೇಳಿದಳು. ನಾನು ಅಭ್ಯಾಸಬಲದಿಂದ ‘ಒಂದು’ ಎಂದೆ. ಅವಳು ನೋಟ್‌ಬುಕ್ ತೆರೆದು ಕುಳಿತಳು. ಅಂದಿನ ಹೋಮ್‌ವರ್ಕು ‘ಓಪನ್ ಅಪ್’ ಎಂಬ ಕ್ರಿಯಾಪದ. ಮುಚ್ಚಿಕೊಂಡಿದ್ದವರು ಮನಸ್ಸು ಬಿಚ್ಚುವುದು, ಇನ್ನೊಬ್ಬರ ಮಾತನ್ನು ಒಳಗೆ ಬರಗೊಡುವುದು ಎಂದು ಅರ್ಥವಂತೆ. ಮನೆಯವರ ಬಗ್ಗೆ ಒಂದು ವಾಕ್ಯ ಬರೆಯಬೇಕು.

“ನನ್ನ ಗಂಡ ಓಪನ್ ಅಪ್ ಆಗತಾರ ಅಂತ ಬರಿ,” ಎಂದೆ.

“ಖರೇ ಇಲ್ಲದ್ದು ನಾ ಬರಿಯೂದಿಲ್ರಿ. ಎಲ್ಲಾರ ಮುಂದ ಓದಬೇಕಾಗ್ತದ.”

ಪುಟ ಮೂರು ದಿನ ಖಾಲಿಯೇ ಇತ್ತು. ಅಂಥ ಪುಟದ ಎದುರು ಕುಳಿತು ಊಟ ಮಾಡುವುದು ಸುಲಭವಲ್ಲ.

ಭಾನುವಾರ ಮಾಲು ತರಲು ಖಾನಾಪುರಕ್ಕೆ ಹೊರಟಾಗ ಅವಳೂ ಟೆಂಪೋ ಹತ್ತಿದಳು. “ಇವತ್ತೊಂದಿನ ಮಾವಶಿ ಏನ್ ಹೇಳ್ತಾಳ, ಅದಕ್ಕ ಹೂಂ ಅನ್ರಿ. ನೋಡೂಣು,” ಎಂದಳು. ಮರಗಳ ನಡುವೆ ಮಂಜು ಇನ್ನೂ ಎದ್ದಿರಲಿಲ್ಲ. ರಸ್ತೆಯೇ ನಿದ್ದೆಯಲ್ಲಿ ನಡೆಯುತ್ತಿರುವಂತಿತ್ತು. ಆ ಮಂಪರಿನಲ್ಲಿ ಒಪ್ಪಿಬಿಟ್ಟೆ.

ಮಾವಶಿ ಎಂದರೆ ಮೂವತ್ತು ವರ್ಷದಿಂದ ನನಗೆ ಗಡಿಗೆ ಕೊಡುತ್ತಿರುವ ಕುಂಬಾರರ ಮುದುಕಿ. ನಮ್ಮ ವ್ಯವಹಾರಕ್ಕೊಂದು ಕ್ರಮವಿದೆ. ಅವಳು ದರ ಹೇಳಬೇಕು, ನಾನು ಗಡಿಗೆ ತಟ್ಟಿ ಮುಖ ಸಿಂಡರಿಸಿ ಅರ್ಧಕ್ಕೆ ಕೇಳಬೇಕು, ಅವಳು ನನ್ನ ಹಿರಿಯರನ್ನು ನೆನೆಯಬೇಕು, ನಾನು ಎದ್ದು ಹೊರಟಂತೆ ಮಾಡಬೇಕು, ಅವಳು ಕರೆಯಬೇಕು, ಕೊನೆಗೆ ಚಹಾ. ಅಂದು ಅವಳು ದರ ಹೇಳಿದಳು. ನಾನು ಹೂಂ ಎಂದೆ.

ಮುದುಕಿಯ ಕೈ ಗಡಿಗೆಯ ಮೇಲೇ ನಿಂತಿತು. “ಯವ್ವಾ, ಸಾವ್ಕಾರ್ರಿಗೆ ಡಾಕ್ಟರ್ ಏನರ ಹೇಳ್ಯಾರೇನು?” ಎಂದು ಶಾಂತಾಳನ್ನು ಕೇಳಿದಳು.

“ಏನಿಲ್ಲ ಮಾವಶಿ, ಆರಾಮ ಅದಾರ.”

“ಮತ್ತ ಇದ ಕಡೀ ಖರೀದಿ ಏನು? ನಾಳಿಂದ ಪ್ಲಾಸ್ಟಿಕ್ ಮಾರ್ತಾರೇನು? ಹಿಂಗ ಸುಮ್ಮ ಹೂಂ ಅನ್ನಾವ್ರಿಗೆ ನಾ ಮಾಲ ಕೊಡೂದಿಲ್ಲ.” ಗಡಿಗೆಗಳ ಮೇಲೆ ಗೋಣಿತಟ್ಟು ಎಳೆದು, ಚಹಾ ಇಡಲು ಒಳಗೆ ಹೋದಳು. ಕಾಯಿಲೆಯವರಿಗೆ ಮಾಡುವಂತೆ ಶುಂಠಿ ಜಜ್ಜುವ ಸದ್ದು ಕೇಳಿಸಿತು.

ನಾವಿಬ್ಬರೂ ಅಂಗಳದಲ್ಲಿ ಕುಳಿತೆವು. ಪಕ್ಕದಲ್ಲಿ ನೀರು ತುಂಬಿಟ್ಟ ಹೊಸ ಗಡಿಗೆಯೊಂದು ಸಣ್ಣಗೆ ಸುಂಯ್ ಎನ್ನುತ್ತ ನೀರು ಕುಡಿಯುತ್ತಿತ್ತು. ಇಷ್ಟು ವರ್ಷ ಮಾರಿದ್ದೇನೆ, ಈ ಸದ್ದನ್ನು ಕೂತು ಕೇಳಿರಲಿಲ್ಲ. ಹಸಿಮಣ್ಣಿನ ವಾಸನೆಗೆ ಅರೆನಿದ್ದೆ ಹತ್ತಿದವನಂತೆ ಮಾತಾಡತೊಡಗಿದೆ. ಅವಳು ಕ್ಲಾಸಿಗೆ ಹೋದ ಸಂಜೆ ನನಗೆ ಮನೆಯಲ್ಲಿ ಕೂಡ್ರಲಾಗುವುದಿಲ್ಲ, ಓಣಿಗಳಲ್ಲಿ ಸುಮ್ಮನೆ ತಿರುಗುತ್ತೇನೆ, ಅವಳು ಬರುವ ಹೊತ್ತಿಗೆ ಏನೂ ಆಗದವನಂತೆ ಪೇಪರು ಹಿಡಿದು ಕೂರುತ್ತೇನೆ, ಒಂದು ತಿಂಗಳು ಎಂದದ್ದು ಅದಕ್ಕೇ ಎಂದೆಲ್ಲ ಹೇಳಿದೆ. ಮೂರು ತಿಂಗಳು ಹೋಗು ಎಂದೂ ಹೇಳಿದೆ.

ಶಾಂತಾ ಗಡಿಗೆಯನ್ನೇ ನೋಡುತ್ತಿದ್ದಳು. “ನೀವು ಹಿಡಕೊಂಡ ಪೇಪರ್ ಯಾವಾಗ್ಲೂ ನಿನ್ನೀದ ಇರ್ತದ್ರಿ,” ಎಂದಳು.

ಚಹಾ ಕುಡಿದು, ಮಾವಶಿಯ ಸಮಾಧಾನಕ್ಕೆ ಗಡಿಗೆಯನ್ನು ಅರ್ಧಕ್ಕೆ ಕೇಳಿದೆ. ನನ್ನ ಹಿರಿಯರನ್ನು ನೆನೆದ ಮೇಲೆ ಅವಳ ಮುಖಕ್ಕೆ ಕಳೆ ಬಂತು.

ಸಂಜೆ ಶಾಂತಾ ವಾಕ್ಯ ಬರೆದಳು. ಕನ್ನಡದಲ್ಲಿ ಹೇಳೆಂದೆ. “ನನ್ನ ಗಂಡ ಖಾನಾಪುರದಾಗ ಹತ್ತ ನಿಮಿಷ ಓಪನ್ ಅಪ್ ಆಗಿದ್ರು.”

ಮನಸ್ಸು ತುಂಬಿ ಬಂತು. ತುಂಬಿದ ಮನಸ್ಸಿನಿಂದಲೇ “ಇಪ್ಪತ್ತು ಅಂತ ಬರಿ,” ಎಂದೆ.

“ಹತ್ತ.”

ಹದಿನೈದಕ್ಕೆ ಮುಗಿಸೋಣವೆಂದು, ಎದ್ದು ಹೊರಟವನಂತೆ ಚಪ್ಪಲಿ ಮೆಟ್ಟಿದೆ. ಓಣಿಯ ತಿರುವಿನವರೆಗೆ ಹೋದರೂ ಅವಳು ಕರೆಯಲಿಲ್ಲ. ಹತ್ತಕ್ಕೇ ಒಪ್ಪಿ ಒಳಗೆ ಬಂದೆ.